ಹಳೇ ಫರ್ಗುಸನ್ ಟ್ರ್ಯಾಕ್ಟರ್ ಸೀಮೆಎಣ್ಣೆಗೆ ತಿರುಗಿಸಿದರೆ ಬಿಳಿ ಹೊಗೆ: ಕಾರ್ಬುರೇಟರ್ ಹೇಗೆ ಸೆಟ್ ಮಾಡಲಿ?

ಸ್ಕ್ರೂಡ್ರೈವರ್ ಸದ್ಯಕ್ಕೆ ಕೆಳಗಿಡಿ. ಪೆಟ್ರೋಲಿನಲ್ಲಿ ಚೆನ್ನಾಗಿ ಓಡುತ್ತದೆ, ಸೀಮೆಎಣ್ಣೆಗೆ ತಿರುಗಿಸಿದರೆ ಮಾತ್ರ ಬಿಳಿ ಹೊಗೆ ಬಿಟ್ಟು ಮಿಸ್ಸಿಂಗ್ ಹೊಡೆಯುತ್ತದೆ ಅಂದಿರಿ ಅಲ್ವಾ? ಹಾಗಿದ್ದರೆ ನಿಮ್ಮ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ. ಸೀಮೆಎಣ್ಣೆ ಪೆಟ್ರೋಲಿನಷ್ಟು ಬೇಗ ಆವಿಯಾಗುವುದಿಲ್ಲ. ಅದಕ್ಕೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಕಾದ ಮೇಲೆ ಸೀಮೆಎಣ್ಣೆಯಲ್ಲಿ ಓಡಿಸುವ ಫರ್ಗುಸನ್ ಟಿಇಡಿ-20 ಮಾಡೆಲ್‌ನಲ್ಲಿ ಹೊಗೆ ಹೋಗುವ ಪೈಪಿನ (ಮ್ಯಾನಿಫೋಲ್ಡ್) ಕಾವನ್ನೇ ಅದಕ್ಕೆ ಕೊಡುತ್ತಾರೆ.

ನಾನು ಪುಣೆಯ ಭೋಸರಿಯಲ್ಲಿ ಎಂಜಿನ್ ಕೆಲಸ ಮಾಡುತ್ತೇನೆ. ಮಂಚರ್ ಹತ್ತಿರ ತೋಟ ಮಾಡಿರುವ ನಮ್ಮ ವಿಜಯಪುರದವರೊಬ್ಬರು ಇಂಥದ್ದೇ ಗಾಡಿ ತಂದಿದ್ದರು. ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿತ್ತು. ಯಾರೂ ಹಾಕಿರಲಿಲ್ಲ. ಬೆರಳಲ್ಲಿ ಉಜ್ಜಿದರೆ ತೆಳ್ಳಗೆ ಜಾರುತ್ತಿತ್ತು, ಮೂಸಿದರೆ ಸೀಮೆಎಣ್ಣೆ. ಉರಿಯದೆ ಉಳಿದದ್ದು ಪಿಸ್ಟನ್ ರಿಂಗ್ ಪಕ್ಕದಿಂದ ಇಳಿದು ಆಯಿಲ್ ಸೇರಿತ್ತು. ಹಾಗೇ ಓಡಿಸಿದ್ದರೆ ಬೇರಿಂಗ್ ಹೋಗುತ್ತಿತ್ತು. ಎಂಜಿನ್ ವಿಪರೀತ ಕಾಯುತ್ತದೆ ಅಂತ ಹಿಂದೆ ಯಾರೋ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತು ಹಾಕಿದ್ದರು!

ನೀವೂ ಮೊದಲು ಆಯಿಲ್ ನೋಡಿ. ತೆಳುವಾಗಿದ್ದರೆ ಬದಲಿಸಿ. ಥರ್ಮೋಸ್ಟ್ಯಾಟ್ ಇಲ್ಲದಿದ್ದರೆ ಹಾಕಿಸಿ. ಡಿಸೆಂಬರ್ ಬೆಳಿಗ್ಗೆ ಇಲ್ಲಿ ಚಳಿ ಜಾಸ್ತಿ, ಆಗ ರೇಡಿಯೇಟರ್ ಮುಂದೆ ಅರ್ಧದವರೆಗೆ ಒಂದು ರಟ್ಟು ಇಡಿ. ನೀರು 80 ಡಿಗ್ರಿ ದಾಟಿದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ. 90 ದಾಟುವ ಹಾಗೆ ಕಂಡರೆ ರಟ್ಟು ತೆಗೆಯಿರಿ.

ಕಾರ್ಬುರೇಟರ್ ಸರದಿ ಆಮೇಲೆ. ತಣ್ಣಗಿನ ಎಂಜಿನ್ ಮೇಲೆ ಮಾಡಿದ ಸೆಟ್ಟಿಂಗ್ ಕಾದ ಮೇಲೆ ನಿಲ್ಲುವುದಿಲ್ಲ. ರೇಸ್ ಕೊಟ್ಟು, ಇಂಧನ ಹೆಚ್ಚು ಕಡಿಮೆ ಮಾಡುವ ಮೇನ್ ಜೆಟ್ ಸ್ಕ್ರೂ ನಿಧಾನಕ್ಕೆ ಒಳಗೆ ತಿರುಗಿಸಿ. ಎಂಜಿನ್ ಸೊರಗುತ್ತದೆ. ಅಲ್ಲಿಂದ ಸದ್ದು ಸಮ ಆಗುವವರೆಗೆ ಹೊರಗೆ ತಿರುಗಿಸಿ, ಮೇಲೆ ಒಂದು ಚೂರು ಹೆಚ್ಚಿಗೆ ಬಿಡಿ. ನೇಗಿಲು ಕಟ್ಟಿ ಹೊಲದಲ್ಲಿ ಒಂದು ಸುತ್ತು ಹೊಡೆದು ನೋಡಿ. ಕಪ್ಪು ಹೊಗೆ ಬಂದರೆ ಇಂಧನ ಜಾಸ್ತಿ. ಕಾರ್ಬುರೇಟರಿನಲ್ಲಿ ಪಟ್ ಪಟ್ ಅಂದು ಎಂಜಿನ್ ಕಾದರೆ ಕಡಿಮೆ. ಸ್ಕ್ರೂ ಮಾತ್ರ ಜೋರಾಗಿ ಬಿಗಿಯಬೇಡಿ, ಅದರ ಸೂಜಿಯಂಥ ತುದಿಯಲ್ಲಿ ಗಾಯ ಬಿದ್ದರೆ ಮತ್ತೆ ಸೆಟ್ಟಿಂಗ್ ಕೂರುವುದಿಲ್ಲ.

ಇಷ್ಟಾದ ಮೇಲೂ ಎಂಜಿನ್ ವಿಪರೀತ ಕಾಯುತ್ತಿದ್ದರೆ ಫ್ಯಾನ್ ಬೆಲ್ಟ್, ರೇಡಿಯೇಟರಿನ ಕಸ, ಇಗ್ನಿಷನ್ ಟೈಮಿಂಗ್ ನೋಡಿಸಿ.

ಸಂಜೆ ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ತಿರುಗಿಸಿ ಎರಡು ಮೂರು ನಿಮಿಷ ಓಡಿಸಿ. ಕಾರ್ಬುರೇಟರ್ ಬೌಲ್‌ನಲ್ಲಿ ಸೀಮೆಎಣ್ಣೆ ಉಳಿದರೆ ಬೆಳಿಗ್ಗೆ ಎಷ್ಟು ಹ್ಯಾಂಡಲ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ.