ದಕ್ಷಿಣ ಭಾರತದ ಲೇಡೀಸ್ ಸ್ಲಿಪರ್ ಆರ್ಕಿಡ್ ಯಾಕೆ ಇಷ್ಟು ಅಪರೂಪ? ನರ್ಸರಿಯಲ್ಲಿ ಬೆಳೆಸಿ ಕಾಡಿಗೆ ಬಿಟ್ಟರೆ ಸಾಲದೇ?

ಮುಖ್ಯ ಕಾರಣ ಮನುಷ್ಯರ ಆಸೆ. ಪ್ಯಾಫಿಯೊಪೆಡಿಲಮ್ ಡ್ರೂರಿಯೈ ಎಂಬ ಈ ಗಿಡದ ಕಾಡುನೆಲೆ ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆಯ ಸುತ್ತಮುತ್ತ ಮಾತ್ರ. 1865ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಡ್ರೂರಿ ಇದನ್ನು ಕಂಡ. ಆಮೇಲೆ ಆರ್ಕಿಡ್ ಸಂಗ್ರಹಿಸುವವರು ಬುಟ್ಟಿಗಟ್ಟಲೆ ಕಿತ್ತರು. ನಮ್ಮ ಮಲೆನಾಡಿನ ಸೀತಾಳೆಯಂತೆ ಮರದ ಮೇಲಲ್ಲ, ಇದು ಬೆಟ್ಟದ ಇಳಿಜಾರಿನ ಹುಲ್ಲು, ಬಂಡೆಗಳ ನಡುವೆ ನೆಲದಲ್ಲೇ ಬೆಳೆಯುತ್ತದೆ. ಕೀಳುವವರಿಗೆ ಅದೇ ಅನುಕೂಲವಾಯಿತು. ಕಾಳ್ಗಿಚ್ಚಿನ ಕಾಟ ಬೇರೆ.

ಹೂವು ಹಳದಿ. ಮೇಲಿನ ದಳದ ನಡುವೆ ಗಾಢ ಕಂದು ಪಟ್ಟೆ, ಕೆಳಗೆ ಚಪ್ಪಲಿಯ ಮೂತಿಯಂಥ ಚೀಲ. ಈ ಜಾತಿಯ ಹೂಗಳು ಕೀಟಕ್ಕೆ ಶುದ್ಧ ಮೋಸ ಮಾಡುತ್ತವೆ: ಮಕರಂದ ಇರುವುದಿಲ್ಲ. ಜಾರಿ ಚೀಲಕ್ಕೆ ಬಿದ್ದ ಕೀಟ ಹಿಂಬದಿಯ ಇಕ್ಕಟ್ಟಾದ ದಾರಿಯಲ್ಲೇ ನುಸುಳಿ ಹೊರಬರಬೇಕು. ಹಾಗೆ ನುಸುಳುವಾಗ ಮೊದಲು ಶಲಾಕಾಗ್ರ (ಪರಾಗವನ್ನು ಪಡೆಯುವ ಹೆಣ್ಣು ಭಾಗ), ಆಮೇಲೆ ಪರಾಗ ಅದರ ಬೆನ್ನಿಗೆ ತಾಗುತ್ತವೆ. ಅದೇ ಕೀಟ ಇನ್ನೊಂದು ಹೂವಿನಲ್ಲೂ ಮೋಸಹೋದರೆ ಮಾತ್ರ ಪರಾಗಸ್ಪರ್ಶ. ಗಿಡಗಳೇ ವಿರಳವಾದರೆ ಈ ಆಟ ನಡೆಯುವುದು ಕಷ್ಟ.

ಬೀಜಗಳು ಧೂಳಿನಷ್ಟು ಸಣ್ಣ, ಒಳಗೆ ಆಹಾರದ ದಾಸ್ತಾನಿಲ್ಲ. ಕಾಡಿನಲ್ಲಿ ಮೊಳೆಯಲು ತಕ್ಕ ಶಿಲೀಂಧ್ರದ ನೆರವು ಬೇಕೇ ಬೇಕು.

ನರ್ಸರಿಯ ವಿಚಾರಕ್ಕೆ ಬಂದರೆ, ಪ್ರಯೋಗಾಲಯದಲ್ಲಿ ಸಸಿ ಮಾಡುವುದು ಸಾಧ್ಯ. ತಿರುವನಂತಪುರ ಬಳಿಯ ಪಾಲೋಡಿನ ಸಸ್ಯೋದ್ಯಾನ ಈ ಕೆಲಸ ಮಾಡಿದೆ. ಆದರೆ ಆ ಶಿಲೀಂಧ್ರ, ಕೀಟ, ಇಳಿಜಾರು ಉಳಿಯದಿದ್ದರೆ ನೆಟ್ಟ ಸಸಿ ಹೂ ಬಿಟ್ಟರೂ ಅದರ ಸಂತತಿ ಮುಂದುವರಿಯುವುದು ಅನುಮಾನ. ನನ್ನ ಮಟ್ಟಿಗೆ ಮೊದಲ ಕೆಲಸ ಕಳ್ಳಸಾಗಣೆ ತಡೆಯುವುದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದ ಕೆಲವೇ ಗಿಡಗಳಲ್ಲಿ ಲೇಡೀಸ್ ಸ್ಲಿಪರ್ ಕೂಡ ಸೇರಿದೆ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಯ, ನಿರ್ಬಂಧವೂ ಇದೆ.