ಕಾರಿನ ಚಾಸಿ ಕಟ್ಟಲು ಉಕ್ಕಿನ ಕೊಳವೆಗಳನ್ನು ಓರೆಯಾಗಿ ಕತ್ತರಿಸುವಾಗ ಕೋನವನ್ನು ಹೇಗೆ ಲೆಕ್ಕ ಹಾಕಬೇಕು?

ಒಂದೇ ಅಳತೆಯ ಎರಡು ಚೌಕ ಕೊಳವೆಗಳು ಮೂಲೆಯಲ್ಲಿ ಸೇರುವುದಾದರೆ, ಅವುಗಳ ನಡುವಿನ ಕೋನವನ್ನು ಅರ್ಧ ಮಾಡಿ ಎರಡನ್ನೂ ಆ ಅರ್ಧಕ್ಕೇ ಕತ್ತರಿಸಬೇಕು. ಓರೆ ಹೆಚ್ಚಿದಷ್ಟೂ ಕೊಳವೆಯ ಬಾಯಿ ಉದ್ದವಾಗುತ್ತದೆ ಎಂಬುದೇ ಇದಕ್ಕೆ ಕಾರಣ. ಕೋನವನ್ನು ಕೊಳವೆಯ ಉದ್ದದ ಗೆರೆಯಿಂದ ಅಳೆದು, 25 ಮಿ.ಮೀ. ಕೊಳವೆಯನ್ನು 45 ಡಿಗ್ರಿಗೆ ಕತ್ತರಿಸಿದರೆ ಬಾಯಿ ಸುಮಾರು 35 ಮಿ.ಮೀ. ಆಗುತ್ತದೆ, 60 ಡಿಗ್ರಿಗೆ 29 ಮಾತ್ರ. ಕೋನಗಳು ಬೇರೆಯಾದರೆ ಬಾಯಿಗೆ ಬಾಯಿ ಕೂಡುವುದೇ ಇಲ್ಲ.

ಹೊಸಬರು ಎಡವುವುದು ಗರಗಸದ ಅಳತೆಪಟ್ಟಿಯಲ್ಲಿ. ಅದರಲ್ಲಿ ಸೊನ್ನೆ ಎಂದರೆ ನೇರ ಕಡಿತ. ಹಾಗಾಗಿ 120 ಡಿಗ್ರಿ ಮೂಲೆಗೆ ಅರ್ಧ 60 ಆದರೂ ಗರಗಸವನ್ನು 30ಕ್ಕೆ ತಿರುಗಿಸಬೇಕು. ಮೊದಲು ಒಂದು ಚೂರು ಕೊಳವೆಯ ಮೇಲೆ ಪರೀಕ್ಷಿಸಿ ನೋಡಿ, ಉಕ್ಕು ಅಗ್ಗವಲ್ಲ.

ಲೋಟಸ್ ಸೆವೆನ್ ಎಂಬ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿಯ ಚಾಸಿಗಳಲ್ಲಿ ಇರುವಂತಹ ಅಡ್ಡ ಓರೆ ಕೊಳವೆಗಳಿಗೆ ಈ ಅರ್ಧದ ಲೆಕ್ಕ ಬೇಡ. ಅವು ಇನ್ನೊಂದು ಕೊಳವೆಯ ಪಕ್ಕೆಗೆ ತಾಗುವುದರಿಂದ, ಓರೆ ಕೊಳವೆಯ ತುದಿಯನ್ನಷ್ಟೇ ಪೂರ್ತಿ ಕೋನಕ್ಕೆ ಕತ್ತರಿಸಿದರೆ ಸಾಕು. ದುಂಡು ಕೊಳವೆಗೆ ತಾಗುವುದಾದರೆ ತುದಿಯನ್ನು ಮೀನಿನ ಬಾಯಿಯಂತೆ ಒಳಬಾಗಿದ ಆಕಾರಕ್ಕೆ ಕೊರೆಯಬೇಕಾಗುತ್ತದೆ.

ಯಾವುದೇ ತುಂಡನ್ನು ಒಂದೆರಡು ಮಿ.ಮೀ. ಉದ್ದವಾಗಿಯೇ ಕತ್ತರಿಸಿ, ಅರದಿಂದ ಉಜ್ಜಿ ಕೂಡಿಸಿ. ಹಿಂದೆ ದೀಪ ಹಿಡಿದರೆ ಸಂದಿನಲ್ಲಿ ಬೆಳಕಿನ ಗೆರೆ ಕಾಣಬಾರದು. ಸಂದು ಉಳಿದರೆ ಅದನ್ನು ತುಂಬಿದ ವೆಲ್ಡಿಂಗ್ ಲೋಹ ಆರುವಾಗ ಕುಗ್ಗಿ ಕೊಳವೆಯನ್ನು ತನ್ನತ್ತ ಎಳೆಯುತ್ತದೆ, ಇಡೀ ಚೌಕಟ್ಟು ಸೊಟ್ಟಗಾಗುತ್ತದೆ. 1.6 ಮಿ.ಮೀ. ದಪ್ಪದ ತೆಳು ಗೋಡೆಯಂತೂ ಸುಟ್ಟು ತೂತಾಗಬಹುದು.