ಅಜ್ಜಿಯ ಅಡುಗೆಮನೆಗೆ ಯಾಕೆ ನೀಲಿ ಬಳಿದಿರಿ?

ಪ್ರಿಯ ಮಿತ್ರರೇ,

ಫೋಟೊಗಳಲ್ಲಿ ಬಣ್ಣದಿಂದ ಭಾವ ತರುವುದು ಹೇಗೆಂದು ನೀವು ಬರೆದ ಲೇಖನ, ಜೊತೆಗಿನ ನಾಲ್ಕು ಚಿತ್ರಗಳು ತಲುಪಿದವು. ಭಾಷೆ ತಿಳಿಯಾಗಿದೆ. ಆಗುಂಬೆಯ ಮಳೆಯ ಪ್ಯಾರಾ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಎರಡು ಕಡೆ ನನಗೆ ನಿಜವಾಗಿ ಸಿಟ್ಟು ಬಂತು. ಅವೆರಡನ್ನೇ ಹೇಳುತ್ತೇನೆ.

ಮೂರನೇ ಪ್ಯಾರಾ ಶುರುವಾಗುವುದೇ ಹೀಗೆ: "ಕೆಂಪು ಕೋಪದ ಬಣ್ಣ, ನೀಲಿ ದುಃಖದ ಬಣ್ಣ, ಹಳದಿ ಸಂತೋಷದ ಬಣ್ಣ." ಇದು ನೀವು ಕಂಡದ್ದಲ್ಲ, ಎಲ್ಲೋ ಓದಿದ್ದು. ಮನೆಗೆ ಬಂದ ಮದುಮಗಳಿಗೆ ಆರತಿ ಎತ್ತಲು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಕೆಂಪು ಮಾಡುತ್ತಾರಲ್ಲ, ಆ ಕೆಂಪಿನಲ್ಲಿ ಕೋಪ ಎಲ್ಲಿದೆ?

ಮುಂದಿನ ಸಾಲಿನಲ್ಲಿ ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ 1973ರಲ್ಲಿ ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ತೆಗೆದ ಕೆಂಪು ಸೀಲಿಂಗಿನ ಚಿತ್ರವನ್ನು ತಂದು, "ಕೆಂಪು ಇರುವುದರಿಂದ ಭಯವಾಗುತ್ತದೆ" ಎಂದು ಮುಗಿಸಿಬಿಟ್ಟಿದ್ದೀರಿ. ಇನ್ನೊಮ್ಮೆ ನೋಡಿ. ಕ್ಯಾಮೆರಾ ಮೇಲಕ್ಕೆ ನೋಡುತ್ತಿದೆ, ನೆಲ ಕಾಣುವುದಿಲ್ಲ. ನಡುವೆ ಒಂದು ಬರಿಯ ಬಲ್ಬು, ಅದರ ಕಡೆಗೆ ಓಡುವ ಬಿಳಿ ವೈರುಗಳು. ಆ ಬಿಳಿಯಿಂದಲೇ ಕೆಂಪು ಅಷ್ಟು ಹಸಿಯಾಗಿ ಕಾಣುತ್ತದೆ. ಸ್ಟೀವ್ ಮೆಕ್‌ಕರಿ 1984ರಲ್ಲಿ ತೆಗೆದ ಅಫ್ಘನ್ ಬಾಲಕಿಯ ಚಿತ್ರದಲ್ಲೂ ಕೆಂಪು ಶಾಲಿದೆ. ಅಲ್ಲಿ ಹಿನ್ನೆಲೆ ಹಸಿರು, ಕಣ್ಣೂ ಹಸಿರು. ಕೆಂಪು ನಮ್ಮನ್ನು ಸೀದಾ ಆ ಕಣ್ಣಿಗೆ ತಲುಪಿಸಿ ಸುಮ್ಮನಾಗುತ್ತದೆ. ಪಕ್ಕದಲ್ಲಿ ಯಾವ ಬಣ್ಣವಿದೆ ಎಂದು ಕೇಳದೆ ಕೆಂಪಿನ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ.

ಇನ್ನು ಎರಡನೇ ಚಿತ್ರ, ನಿಮ್ಮ ಅಜ್ಜಿಯ ಅಡುಗೆಮನೆ. "ದುಃಖದ ಭಾವ ತರಲು ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಳಿಸಿದೆ" ಎಂದಿದ್ದೀರಿ. ಬೆಳಕು ಯಾವ ಬಣ್ಣದ್ದೆಂದು ಕ್ಯಾಮೆರಾಕ್ಕೆ ಹೇಳುವುದೇ ವೈಟ್ ಬ್ಯಾಲೆನ್ಸ್. ಅದರ ಅಳತೆ ಕೆಲ್ವಿನ್: ಅಂಕಿ ಇಳಿದಷ್ಟೂ ಬೆಳಕು ಹಳದಿ-ಕೆಂಪು, ಏರಿದಷ್ಟೂ ನೀಲಿ. 3200 ಅಂದರೆ ಹಳದಿ ಬಲ್ಬಿನ ಬೆಳಕಿಗೆ ಇಡುವ ಲೆಕ್ಕ. ಬೆಳಕು ಹಳದಿಯಾಗಿದೆ ಎಂದುಕೊಂಡು ಕ್ಯಾಮೆರಾ ಚಿತ್ರಕ್ಕೆಲ್ಲ ನೀಲಿ ಸೇರಿಸುತ್ತದೆ. ಮಳೆಗಾಲದ ಬೆಳಗ್ಗೆ ಕಿಟಕಿಯಿಂದ ಬರುವ ಬೆಳಕು ಮೊದಲೇ ನೀಲಿ. ಒಲೆಯ ಬೆಂಕಿ ಸುಮಾರು 2000 ಕೆಲ್ವಿನ್‌ನದು. ಹಗಲಿನ ಬೆಳಕಿಗೆ ಇಡುವ 5500ರಲ್ಲೇ ಬಿಟ್ಟಿದ್ದರೆ ಅಜ್ಜಿಯ ಒಂದು ಕೆನ್ನೆ ತಣ್ಣಗೆ, ಇನ್ನೊಂದು ಕೆಂಡದ ಬಣ್ಣದಲ್ಲಿ ಕಾಣುತ್ತಿತ್ತು. ನೀವು ಬೆಂಕಿಯನ್ನೇ ಪೇಲವ ಮಾಡಿದಿರಿ.

ನನಗೆ ನೋವಾದದ್ದು ಅದಕ್ಕಲ್ಲ. ನೀವೇ ಬರೆದಿದ್ದೀರಿ, ಅಂದು ಅಜ್ಜಿ ಕಡುಬು ಬೇಯಿಸುತ್ತ ಹಾಡಿಕೊಳ್ಳುತ್ತಿದ್ದರು ಎಂದು. ಹಾಡುತ್ತಿದ್ದವರ ಮೇಲೆ ದುಃಖ ಯಾಕೆ ಹೊರಿಸಿದಿರಿ? ಅಡಿಬರಹದಲ್ಲಿ "ಒಂಟಿತನ" ಎಂದು ಬೇರೆ ಹಾಕಿದ್ದೀರಿ.

ನಾನು ಕೆಲಸ ಕಲಿತದ್ದು ಒಂದು ಸಣ್ಣ ಊರಿನ ಸ್ಟುಡಿಯೋದಲ್ಲಿ, ಫಿಲ್ಮ್ ಕಾಲದಲ್ಲಿ. ಒಂದು ಮದುವೆಯಲ್ಲಿ ಸಹಜವಾಗಿ ಬರಲಿ ಎಂದು ಫ್ಲ್ಯಾಶ್ ಇಲ್ಲದೆ ಟ್ಯೂಬ್‌ಲೈಟಿನಲ್ಲೇ ಎರಡು ರೋಲು ತೆಗೆದೆ. ಪ್ರಿಂಟು ಬಂದಾಗ ಮದುಮಕ್ಕಳಿಂದ ಹಿಡಿದು ಪುರೋಹಿತರವರೆಗೆ ಎಲ್ಲರ ಮುಖವೂ ಹಸಿರು. ಟ್ಯೂಬಿನ ಬೆಳಕಿನಲ್ಲಿ ಹಸಿರು ಹೆಚ್ಚು. ನಮ್ಮ ಕಣ್ಣು ಅದನ್ನು ಸರಿಮಾಡಿಕೊಳ್ಳುತ್ತದೆ, ಫಿಲ್ಮು ಮಾಡಿಕೊಳ್ಳುವುದಿಲ್ಲ. ಯಜಮಾನರು ಬೈಯಲಿಲ್ಲ. ಹಿತ್ತಲಲ್ಲಿ ತಮ್ಮ ಬಿಳಿ ಪಂಚೆ ಒಣಹಾಕಿ, ಗಂಟೆಗೊಮ್ಮೆ ಅದರ ಬಣ್ಣ ಬರೆದಿಡು ಎಂದರು. ಮೊದಲ ದಿನ ಬೆಳಗಿನಿಂದ ಸಂಜೆವರೆಗೂ "ಬಿಳಿ" ಎಂದೇ ಬರೆದೆ. ಅವರು ಓದಿ, ಹಾಳೆ ಹರಿದು, ನಾಳೆ ಮತ್ತೆ ನೋಡು ಎಂದರು. ಮೂರನೇ ದಿನಕ್ಕೆ ಕಂಡಿತು: ಬೆಳಗ್ಗೆ ಸೂರಿನ ನೆರಳಿನಲ್ಲಿ ನೀಲಿ, ಮಧ್ಯಾಹ್ನ ಹೊಂಗೆಯ ಕೆಳಗೆ ಎಳೆಹಸಿರು, ಇಳಿಬಿಸಿಲಿಗೆ ಕೆಮ್ಮಣ್ಣಿನ ನೆಲದಿಂದ ಎದ್ದ ಗುಲಾಬಿ. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಮೂರನೇ ಪ್ಯಾರಾ ಪೂರ್ತಿ ತೆಗೆಯಿರಿ. ಅಡುಗೆಮನೆಗೆ ಇನ್ನೊಂದು ಬೆಳಗ್ಗೆ ಹೋಗಿ, ಕ್ಯಾಮೆರಾ ಕೆಳಗಿಟ್ಟು ಒಲೆ ಹಚ್ಚುವ ಮೊದಲೂ ಹಚ್ಚಿದ ಮೇಲೂ ಗೋಡೆಯ ಬಣ್ಣ ಬರೆದುಕೊಳ್ಳಿ. ಲೇಖನ ಅಲ್ಲಿಂದ ಶುರುವಾಗಲಿ. ಎರಡನೇ ಚಿತ್ರದ ರಾ ಫೈಲು, ಅಂದರೆ ಬಣ್ಣ ತಿದ್ದುವ ಮೊದಲಿನ ಮೂಲ ಫೈಲು, ನಿಮ್ಮಲ್ಲಿದ್ದರೆ ಈಗಲೇ ಕಳಿಸಿ, ಅಜ್ಜಿಯ ಆ ಕೆನ್ನೆಯನ್ನು ನಾನು ನೋಡಬೇಕು.

ಇತಿ,
ಸಂಪಾದಕ